ಭೂಮಿಗೆ ಎಷ್ಟು ಹರದಾರಿ

ಔರಾದಿನ ಸರ್ಕಾರಿ ಸಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ಮನ್ಮಥಪ್ಪನಿಗೆ ಒಂದು ಹುಚ್ಚಿತ್ತು. ಭೂಮಿಯಿರಲಿ, ಚಂದ್ರನಿರಲಿ, ಅದನ್ನು ಊರ ಅಳತೆಗೆ ಇಳಿಸದೆ ಬಿಡುತ್ತಿರಲಿಲ್ಲ. ನಿಜಾಮರ ಕಾಲ, ಪುಸ್ತಕವೆಲ್ಲ ಉರ್ದು. ಭೂಮಿಯ ಸುತ್ತಳತೆ ಇಪ್ಪತ್ತೈದು ಸಾವಿರ ಮೈಲು ಎಂದು ಓದಿ ಹೇಳಿದರೆ ಒಕ್ಕಲಿಗರ ಮಕ್ಕಳು ಬಾಯಿ ಬಿಟ್ಟು ಕೂಡುತ್ತಿದ್ದವು. ಪಾಪ, ಮೈಲನ್ನು ಅವು ಎಲ್ಲಿ ಕಂಡಿದ್ದವು? ನಿಮ್ಮಪ್ಪ ಕೈ ಚಾಚಿ ಹಗ್ಗ ಅಳೆಯುವ ಮಾರಿನಲ್ಲಿ ಹೇಳುವುದಾದರೆ ಭೂಮಿಯ ಸುತ್ತು ಎರಡು ಕೋಟಿ ಇಪ್ಪತ್ತು ಲಕ್ಷ ಮಾರು, ನಿಜಾಮರ ಪ್ರಜೆಗಳೆಲ್ಲ ಕೈ ಕೈ ಹಿಡಿದು ನಿಂತರೂ ಸಾಲುವುದಿಲ್ಲ ಎಂದಾಗ ಮಾತ್ರ ಅವು ಕಣ್ಣರಳಿಸುತ್ತಿದ್ದವು.

ಈ ಹುಚ್ಚಿಗೆ ಜೊತೆಯಾದವರು ಹೆಡ್‌ಮಾಸ್ತರ ಬದ್ರೋದ್ದೀನರು. ಹೈದರಾಬಾದಿನಿಂದ ವರ್ಗವಾಗಿ ಬಂದ ಸಾಧು ಮನುಷ್ಯ. ಮನ್ಮಥಪ್ಪನ ಲೆಕ್ಕವೆಂದರೆ ಕಲ್ಲಿನ ಮೇಲೆ ಕೊರೆದ ಗೆರೆ ಎಂದು ಕಂಡವರ ಮುಂದೆಲ್ಲ ಹೊಗಳುತ್ತಿದ್ದರು. ಆದರೆ ಆ ಗೆರೆಯಲ್ಲೊಂದು ಸೊಟ್ಟು ಇತ್ತು. ಸಾಹೇಬರ ಕಡೆಯ ಕೋಸು ಎಂದರೆ ಎರಡು ಮೈಲು, ನಮ್ಮ ಕಡೆಯ ಹರದಾರಿ ಎಂದರೆ ಮೂರು. ಇಪ್ಪತ್ತೈದು ಸಾವಿರವನ್ನು ಎರಡರಿಂದ ಭಾಗಿಸಿದರೆ ಚೊಕ್ಕಟ ಹನ್ನೆರಡೂವರೆ ಸಾವಿರ. ಮೂರರಿಂದ ಭಾಗಿಸಿದರೆ ಕೊನೆಯಿಲ್ಲದ ಶೇಷ. ಶೇಷವೆಂದರೆ ಮನ್ಮಥಪ್ಪನಿಗೆ ಊಟದಲ್ಲಿ ಕಲ್ಲು ಸಿಕ್ಕಂತೆ. ಅದಕ್ಕೇ ಕೋಸಿನ ಲೆಕ್ಕವನ್ನೇ ಎತ್ತಿ ಬೋರ್ಡಿನ ಮೇಲೆ ಹನ್ನೆರಡೂವರೆ ಸಾವಿರ ಹರದಾರಿ ಎಂದು ಬರೆದುಬಿಟ್ಟ. ಕೋಸು, ಹರದಾರಿ ಎರಡೂ ಒಂದೇ ಏನು ಎಂದು ಸಾಹೇಬರು ಕೇಳಿದಾಗ ನಕ್ಕುಬಿಟ್ಟ.

“ಒಂದೇ ಅಂತ ತಿಳೀರಿ ಸಾಹೇಬ್ರ. ಭೂಮಿ ಸುತ್ತಾಕ ಯಾರು ನಡಕೋತ ಹೊಂಟಾರ್ರಿ?”

ಸಾಹೇಬರೂ ನಕ್ಕರು. ಹೌದಲ್ಲ, ಯಾರೂ ನಡೆಯದ ದಾರಿಯಲ್ಲಿ ಎಷ್ಟು ತಪ್ಪಿದರೆ ಯಾರ ಗಂಟು ಹೋದೀತು? ಅಂದಿನಿಂದ ಇಬ್ಬರ ನಡುವೆ ಹರದಾರಿಯೇ ಕೋಸು, ಕೋಸೇ ಹರದಾರಿ.

ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಆಳಿಕೆ ಬಿತ್ತು. ಅಲ್ಲಿಯವರೆಗೆ ರಜಾಕಾರರು ಹಳ್ಳಿ ಸುಟ್ಟಿದ್ದರು, ಸುಲಿದಿದ್ದರು. ಅದು ಸುಳ್ಳಲ್ಲ. ಆದರೆ ಅವರು ಓಡಿಹೋದ ಮೇಲೆ ಜನ ಹಿಡಿದದ್ದು ಯಾರನ್ನು? ನೇಕಾರನನ್ನು, ಅತ್ತರು ಮಾರುವವನನ್ನು, ಮಕ್ಕಳಿಗೆ ಪಾಠ ಹೇಳುವವನನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಮ್ಮವರು ಸುಮ್ಮನೆ ಕಟ್ಟಿಲ್ಲ. ಬದ್ರೋದ್ದೀನರನ್ನೂ ಅವರ ಹೆಂಡತಿ ಖುರ್ಷಿದ ಬೇಗಂ ಅವರನ್ನೂ ಮನ್ಮಥಪ್ಪ ತನ್ನ ಮನೆಯ ಒಳಕೋಣೆಯಲ್ಲಿ ಬಚ್ಚಿಟ್ಟ. ಲಿಂಗವಂತರ ಮನೆಯಲ್ಲಿ ಹುಡುಕಲಿಕ್ಕಿಲ್ಲ ಎಂಬ ಧೈರ್ಯ. ಆ ಧೈರ್ಯವೂ ಬಹಳ ದಿನ ಉಳಿಯಲಿಲ್ಲ. ಹೆಡ್‌ಮಾಸ್ತರ ಎಲ್ಲಿ ಎಂದು ಗುಂಪೊಂದು ಬಾಗಿಲಿಗೇ ಬಂದು ಕೇಳಿಹೋಯಿತು.

ಇನ್ನು ತಡಮಾಡುವಂತಿರಲಿಲ್ಲ. ಮಾಂಜ್ರಾ ಹೊಳೆ ದಾಟಿ ಭಾಲ್ಕಿ ಸೇರಿದರೆ ಸ್ಟೇಷನ್ನಿನಲ್ಲಿ ಮಿಲಿಟರಿ ಕಾವಲಿತ್ತು. ಅಲ್ಲಿಂದ ಬೀದರಿಗೆ ರೈಲು. ಬೀದರಿನ ಚಿದ್ರಿಯಲ್ಲಿ ಸಾಹೇಬರ ಅಣ್ಣ ಅಮೀರ ಪಾಶಾ ಇದ್ದರು. ಮೊದಲು ಸಾಹೇಬರು ಒಬ್ಬರೇ ಹೋಗಿ ಮಿಲಿಟರಿಯವರನ್ನು ಕರೆತಂದು ಬೇಗಂ ಅವರನ್ನು ಕರೆದೊಯ್ಯುವುದೆಂದು ಮಾತಾಯಿತು. ದೋಣಿಯ ಅಂಬಿಗ ಧೊಂಡಿಬಾ ನಂಬಿಗಸ್ತ. ಹೊಲದ ಹಾದಿಯಲ್ಲಿ ಹೊಳೆ ಐದು ಹರದಾರಿ, ಕೋಳಿ ಕೂಗುವುದರೊಳಗೆ ಬಂದರೆ ದಾಟಿಸುತ್ತೇನೆ, ಬೆಳಕು ಹರಿದರೆ ನನ್ನ ಕೈಲಾಗದು ಎಂದು ಹೇಳಿಕಳಿಸಿದ್ದ.

ಆ ಹಾದಿಯನ್ನು ಎಂದೂ ತುಳಿಯದ ಸಾಹೇಬರು ಎಷ್ಟು ದೂರ ಎಂದು ಕೇಳಿದರು. ಐದು ಕೋಸು ಎಂದ ಮನ್ಮಥಪ್ಪ. ಯೋಚನೆ ಮಾಡಿ ಹೇಳಿದ ಮಾತಲ್ಲ, ರೂಢಿಯಿಂದ ಬಂದ ಮಾತು. ಹತ್ತು ಮೈಲಾಯಿತು, ಊರೆಲ್ಲ ಮಲಗಿದ ಮೇಲೆ ಹೊರಟರೂ ಹೊತ್ತಿಗೆ ಮುಂಚೆ ಮುಟ್ಟುತ್ತೇನೆ ಎಂದು ಸಾಹೇಬರು ಬೆರಳು ಮಡಚಿ ಹೇಳಿದರು. ಮನ್ಮಥಪ್ಪ ತಲೆಯಾಡಿಸಿದ. ಹಾಗೆಯೇ ಹೊರಟರು.

ಮರುದಿನ ಮಧ್ಯಾಹ್ನ ಧೊಂಡಿಬಾ ಬಂದ. ಹಿತ್ತಲ ಬಾಗಿಲಲ್ಲಿ ನಿಂತು, ತಲೆ ಎತ್ತದೆ ಹೇಳಿದ.

“ಒಂದ ಹರದಾರಿ ಉಳಿದಿತ್ತರಿ ಮಾಸ್ತರ. ಬೆಳಕ ಹರದಿತ್ತು. ಬಯಲ ಎರಿ ಹೊಲ, ಅಡಗಾಕ ಒಂದ ಗಿಡ ಇಲ್ಲ. ಅಲ್ಲೇ ಹಿಡದ್ರು. ಮಣ್ಣ ನಾನೇ ಮಾಡೀನಿ. ಇಷ್ಟ ತಡ ಯಾಕ ಬಿಟ್ರಿ?”

ಮನ್ಮಥಪ್ಪನ ತಲೆಯೊಳಗೆ ಲೆಕ್ಕ ತಾನಾಗಿ ನಡೆಯಿತು. ಐದು ಹರದಾರಿ, ಹದಿನೈದು ಮೈಲು. ಸಾಹೇಬರು ಹತ್ತಕ್ಕೆಂದು ಹೊರಟಿದ್ದರು, ಹನ್ನೆರಡು ನಡೆದಿದ್ದರು. ಕಾಲು ಸೋತರೂ ಹೊಳೆ ಇನ್ನೇನು ಬಂತು ಎಂದು ನಂಬಿ ನಡೆದಿರಬೇಕು. ನಂಬಿದ್ದು ಹೊಳೆಯನ್ನಲ್ಲ, ಮನ್ಮಥಪ್ಪನ ಮಾತನ್ನು.

ಒಳಗೆ ಹೇಳಲೇಬೇಕಲ್ಲ. ಹೆಂಡತಿ ಸುಂದರಬಾಯಿ ಬೇಗಂ ಅವರ ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡಳು. ಮನ್ಮಥಪ್ಪ ಹೇಳಿದ. ಬೇಗಂ ದನಿ ತೆಗೆದು ಅಳಲಿಲ್ಲ. ಹೊರಗೆ ಕೇಳಿಸಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಸುಂದರಬಾಯಿಯ ಕಡೆ ತಿರುಗಿ, ಇಲ್ಲಿಗೆ ಬಂದು ಕಲಿತ ಕನ್ನಡದಲ್ಲೇ ಮಾತಾಡಿದರು. ಹೊರಡುವಾಗ ಸಾಹೇಬರು ಬೇಡವೆಂದರೂ ತಾವು ಬಿಡಲಿಲ್ಲವಂತೆ. ದಾರಿಗೆ ನಾಲ್ಕು ರೊಟ್ಟಿ ಕಟ್ಟುತ್ತೇನೆ, ಒಲೆ ಹತ್ತಲಿ ಎಂದು ಕೂಡಿಸಿಕೊಂಡರಂತೆ. ಹಸಿ ಕಟ್ಟಿಗೆ, ಒಲೆ ಬೇಗ ಹತ್ತಲಿಲ್ಲ. ಆ ಹೊತ್ತು ಇದ್ದಿದ್ದರೆ ಆ ಒಂದು ಹರದಾರಿ ಮುಗಿಯುತ್ತಿತ್ತು.

“ನಾನೇ ಕೊಂದೆ ಅಕ್ಕಾ,” ಎಂದರು.

ಮನ್ಮಥಪ್ಪನಿಗೆ ತಡೆಯಲಾಗಲಿಲ್ಲ. ರೊಟ್ಟಿಯಿಂದ ಏನೂ ಆಗಿಲ್ಲ, ಹಾದಿಯ ದೂರವನ್ನೇ ನಾನು ತಪ್ಪು ಹೇಳಿದೆ, ಕೋಸು ಬೇರೆ ಹರದಾರಿ ಬೇರೆ, ನನ್ನ ಲೆಕ್ಕವೇ ತಪ್ಪು ಎಂದು ಒಂದೇ ಉಸಿರಿನಲ್ಲಿ ಒದರಿದ. ಶಪಿಸಲಿ, ಮುಖಕ್ಕೆ ಉಗುಳಲಿ ಎಂದು ಮುಂದೆ ಮೊಳಕಾಲೂರಿ ಕುಳಿತ.

ಬೇಗಂ ಅವನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ, ಮಗುವನ್ನು ನೋಡುವ ಕನಿಕರವಿತ್ತು.

“ನನ್ನ ಸಮಾಧಾನಕ್ಕ ಸುಳ್ಳ ಹೇಳಬ್ಯಾಡ್ರಿ ಮಾಸ್ತರ. ನಿಮ್ಮ ಲೆಕ್ಕ ಎಂದೂ ತಪ್ಪೂದಿಲ್ಲ ಅಂತ ಅವರು ಹೋಗುವಾಗನೂ ಅಂದ್ರು.”

ಅವನು ಮತ್ತೆ ಹೇಳಿದ. ಅವರು ನಂಬಲಿಲ್ಲ.