ಬಲಗಡೆಯ ಹೂವು

ಆ ಮುಂಜಾನೆ ಮಾಸೂರಿನ ಮೇಲೆ ಮಂಜು ದಟ್ಟವಾಗಿ ಇಳಿದಿತ್ತು. ಮದಗದ ಕೆರೆ ಇದ್ದ ಕಡೆ ಬರೀ ಬೆಳ್ಳಗಿನ ಬಯಲು. ಆ ಬಿಳುಪಿನೊಳಗಿಂದ ಸ್ಕೂಟಿಯೊಂದು ದೀಪ ಹಚ್ಚಿಕೊಂಡು ಬಂದು ಭರಮಪ್ಪನ ಕಟ್ಟೆಯ ಮುಂದೆ ನಿಂತಿತು. ಇಳಿದವಳು ಸವಣೂರಿನ ಇಂಜಿನಿಯರ್ ಫರ್ಜಾನಾ.

ಹಿರೇಕೆರೂರಿನಲ್ಲಿ ಬಾಡಿಗೆಗೆ ಕೊಡುವಂಥ ಸಾಲುಮನೆಯೊಂದು ಮಾರಾಟಕ್ಕಿತ್ತು. ರಟ್ಟೆ ಸೋತ ಮೇಲೆ ಅದರ ಬಾಡಿಗೆಯೇ ಅನ್ನ ಹಾಕಬೇಕೆಂದು ಭರಮಪ್ಪ, ಚೌಡವ್ವ ಇಬ್ಬರ ಆಸೆ. ಕೊಳ್ಳುವ ಮೊದಲು ಬಲ್ಲವರೊಬ್ಬರು ಕಟ್ಟಡ ನೋಡಬೇಕು. ಅದಕ್ಕೇ ಈ ಕರೆಸುವಿಕೆ.

"ಏಣಿ ಹತ್ತತೀಯೇನವ್ವ?" ಭರಮಪ್ಪ ಕೇಳಿದ.

"ನೀವು ಹಿಡೀರಿ ಕಾಕಾ, ನಾ ಹತ್ತತೇನಿ."

"ನಿನ್ನ ಮಾತು ಸುಳ್ಳಾದರ?"

"ಬರದು ಸಹಿ ಮಾಡಿ ಕೊಡತೇನಿ. ಸುಳ್ಳಾದರ ನಮ್ಮ ಬಾಗಿಲಿಗೆ ಬಂದು ನಿಂದರ್ರಿ. ಆದ್ರ ಕಟ್ಟಡ ಚಲೋ ಇಲ್ಲಂದ್ರ ಇಲ್ಲ ಅಂತೇನಿ, ಸಿಟ್ಟಾಗಬಾರದು."

ಪ್ರಶ್ನೆಗಳು ಮುಗಿಯಲೇ ಇಲ್ಲ. ಚಹಾ ತಂದ ಚೌಡವ್ವ, "ಜ್ವಾಳದಾಗ ಹರಳ ಆರಿಸಿದಂಗ ಆರಸಾಕತ್ತೀರಲ್ರಿ ಆ ಹುಡಿಗೀನ," ಎಂದಳು.

ಮಧ್ಯಾಹ್ನ ಶಿಗ್ಗಾವಿಯಿಂದ ಗುತ್ತಿಗೆದಾರ ಕುಬೇರಪ್ಪ ಬಂದ. ಮಗಳನ್ನು ಕೊಟ್ಟ ಮನೆಯವನು, ಬೀಗ; ಕಟ್ಟಡ ತಾನೇ ನೋಡಿಕೊಡುತ್ತೇನೆಂದಿದ್ದ. ಶಿರಾ ತಿಂದ, ಮಿರ್ಚಿ ತಿಂದ, ಹೋದ. ಅವನಿಗೆ ಒಂದು ಪ್ರಶ್ನೆಯೂ ಇಲ್ಲ.

"ಇವರಿಗೆ ಏಣಿ ಕೇಳಲಿಲ್ಲಲ್ರಿ?" ಚೌಡವ್ವ ಕೇಳಿದಳು.

"ಸುಮ್ಮನಿರ. ಬೀಗರನ್ನ ಪರೀಕ್ಷಾ ಮಾಡತಾರೇನ?"

ಕಟ್ಟಡವನ್ನು ಯಾರಿಂದ ನೋಡಿಸಬೇಕೆಂದು ಮರುದಿನ ಬಸವಣ್ಣನ ಗುಡಿಯಲ್ಲಿ ಪ್ರಸಾದ ಕೇಳಿದರು. ಪೂಜಾರಿ ಶಿದ್ಲಿಂಗಪ್ಪ ದೇವರ ಮೈಗೆ ಎರಡು ಹಸಿ ಸೇವಂತಿಗೆ ಹಚ್ಚಿದ. ಬಲಗಡೆಯದು ಬಿದ್ದರೆ ಫರ್ಜಾನಾ, ಎಡಗಡೆಯದು ಬಿದ್ದರೆ ಕುಬೇರಪ್ಪ. ಭರಮಪ್ಪ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಲಗಡೆಯ ಹೂ ಕೆಳಗಿತ್ತು.

ಬೀಗರಿಗೆ ಏನೆಂದು ಹೇಳುವುದು?

"ಗಾಳಿಗೆ ಬಿತ್ತದು," ಎಂದವನೇ ಭರಮಪ್ಪ ಬೇರೊಂದು ಹೂ ತೆಗೆದು ತಾನೇ ಬಲಗಡೆಗೆ ಹಚ್ಚಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದ. ಈ ಸಲ ಎಡಗಡೆಯದು ಬಿತ್ತು. ಶಿದ್ಲಿಂಗಪ್ಪ ಆರತಿ ತಟ್ಟೆಯತ್ತ ತಿರುಗಿಕೊಂಡ. ಚೌಡವ್ವ ಮೊದಲು ಬಿದ್ದ ಹೂವನ್ನು ಎತ್ತಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಭರಮಪ್ಪ ಫರ್ಜಾನಾಗೆ ಫೋನು ಮಾಡಿದ. "ದೇವರು ನಿನ್ನ ಕಡೆ ಕೊಡಲಿಲ್ಲವ್ವ."

"ದೇವರು ಅಂದಮ್ಯಾಲ ನಾ ಏನನ್ಲಿ ಕಾಕಾ? ನಿಮಗ ಒಳ್ಳೇದಾಗ್ಲಿ."

ಹಿರೇಕೆರೂರಿಗೆ ಹೋದ ಕುಬೇರಪ್ಪ ಬೈಕಿನಿಂದ ಇಳಿಯಲೂ ಇಲ್ಲ. ರಸ್ತೆಯಿಂದಲೇ ನೋಡಿ, "ಕಲ್ಲಿದ್ದಂಗೈತಿ, ತಗೋರಿ," ಎಂದ. ತಗೊಂಡರು.

ಮುಂಗಾರಿನ ಮೊದಲ ಮಳೆಗೆ ಹಿಂದಿನ ಗೋಡೆ ಬಿರುಕು ಬಿಟ್ಟು ಹೊರಗೆ ವಾಲಿತು. ಬಾಡಿಗೆಗಿದ್ದ ಹುಚ್ಚವ್ವ ಕೂಸಿನ ಹಾಸಿಗೆ ಹೊತ್ತು ಹೊರಬಂದಳು. ಬೈಯಲಿಲ್ಲ. "ನೀವರ ಏನ್ ಮಾಡತೀರ್ರಿ ಯಜಮಾನರ, ನೋಡಿದವರು ನಿಮಗ ಸುಳ್ಳು ಹೇಳಿರಬೇಕು," ಎಂದಳು. ಭರಮಪ್ಪನಿಗೆ ಅವಳ ಮುಖ ನೋಡಲಾಗಲಿಲ್ಲ. ಆಮೇಲೆ ಗುಡಿಗೆ ಹೋದರೂ ಅವನು ಹೊರಗಿನ ಮೆಟ್ಟಿಲ ಮೇಲೆ ಕೂತು ಎದ್ದು ಬರುತ್ತಿದ್ದ.

ಕಡೆಗೆ ಇಬ್ಬರೂ ಸವಣೂರಿಗೆ ಹೋದರು. ಫರ್ಜಾನಾ ಖುರ್ಚಿ ಹಾಕಿದಳು, ಚಹಾ ಕೊಟ್ಟಳು, ಗೋಡೆಯ ಸುದ್ದಿ ಪೂರ್ತಿ ಕೇಳಿದಳು.

"ಮೊದಲ ಮಂದೀನ ಎಲ್ಲಾ ಹೊರಗ ಕಳಸ್ರಿ. ನಾ ನಾಳೆ ಬರತೇನಿ," ಎಂದವಳು ಒಂದು ಗಳಿಗೆ ತಡೆದಳು. "ಆದ್ರ ಈ ಸಲ ದೇವರನ್ನ ಕೇಳೀರೇನು ಕಾಕಾ?"

ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ. ನಿಜವಾಗಿಯೇ ಕೇಳಿದ್ದಳು. ಹೂಂ ಎಂದರೆ ಮುಗಿಯುತ್ತಿತ್ತು. ಭರಮಪ್ಪ ಚಹಾದ ಕಪ್ಪು ಕೆಳಗಿಟ್ಟ.

"ಆವತ್ತ ದೇವರು ನಿನ್ನನ್ನ ಕೊಟ್ಟಿದ್ದನವ್ವ. ನಿನ್ನ ಹೂವ ಮೊದಲ ಬಿದ್ದಿತ್ತು. ಬೀಗರ ಮಾರಿ ನೋಡಿ ನಾನ ಸುಳ್ಳ ಹೇಳಿದೆ. ದೇವರ ಹೆಸರ ಹಚ್ಚಿ ಹೇಳಿದೆ."

ಚೌಡವ್ವ ಚೀಲದಿಂದ ಕುಂಕುಮದ ಭರಣಿ ತೆಗೆದು, ಅದರೊಳಗೆ ಕಾದಿಟ್ಟು ಒಣಗಿ ಕಂದಾಗಿದ್ದ ಆ ಸೇವಂತಿಗೆಯನ್ನು ಗಂಡನ ಅಂಗೈಯಲ್ಲಿಟ್ಟಳು. ಅವನು ಎದ್ದು ನಿಂತ. ತಲೆ ತಗ್ಗಿಸಿ, ಎರಡೂ ಕೈಯಿಂದ, ಅದನ್ನು ಫರ್ಜಾನಾಳ ಬೊಗಸೆಗೆ ಹಾಕಿದ.