ಎರಡು ಇಲಿಗಳ ಬೆಳಕು

ಇಲಿಯನ್ನು ಹಿಡಿಯುವಾಗ ತನ್ನ ಕೈ ನಡುಗುತ್ತದೆ, ಅದು ಇಲಿಗೂ ಗೊತ್ತಾಗುತ್ತದೆ ಎಂಬ ಅಳುಕನ್ನು ಶೂಯಿ ದಿನಚರಿಯಲ್ಲಿ ಮಾತ್ರ ಬರೆದುಕೊಂಡಿದ್ದಳು. ಹಿರಿಯ ಸಂಶೋಧನಾ ವಿದ್ಯಾರ್ಥಿನಿ ವೆನ್‌ಲಿಂಗ್‌ಗೂ ಹೇಳಿರಲಿಲ್ಲ. ಹೇಳದಿದ್ದರೂ ವೆನ್‌ಲಿಂಗ್ ಅರಿತಿದ್ದಳು. ತೈನಾನ್ ನಗರದ ಆ ಪ್ರಯೋಗಾಲಯಕ್ಕೆ ಶೂಯಿ ಬಂದ ಮೊದಲ ವಾರವೇ ಅವಳ ಕೈಮೇಲೆ ಕೈಯಿಟ್ಟು, ಕುತ್ತಿಗೆಯ ಸಡಿಲ ಚರ್ಮ ಹಿಡಿಯುವುದನ್ನು ಕಲಿಸಿದ್ದಳು. ಅಂದಿನಿಂದ ಶೂಯಿಗೆ ಅವಳು ಅಕ್ಕ.

ಅಲ್ಲಿನ ಇಲಿಗಳ ಚರ್ಮದಲ್ಲಿ, ಗಾಯ ಮಾಯಿಸುವ ಜೀನ್ ಎಚ್ಚೆತ್ತರೆ ಮಿಂಚುಹುಳದಂತೆ ಬೆಳಕು ಹೊಮ್ಮುತ್ತಿತ್ತು. ಗಾಯದ ಅಂಚಿಗೆ ಲೇಸರ್ ತಾಗಿಸಿದರೆ ಆ ಜೀನ್ ಇನ್ನಷ್ಟು ಚುರುಕಾಗುತ್ತದೆಯೇ ಎಂದು ನೋಡುವುದೇ ಕೆಲಸ. ಚರ್ಮ ಕತ್ತರಿಸಬೇಕಿಲ್ಲ, ಕತ್ತಲೆ ಪೆಟ್ಟಿಗೆಯ ಕ್ಯಾಮೆರಾ ಜೀವಂತ ಇಲಿಯ ಮೈಬೆಳಕನ್ನೇ ಹಿಡಿಯುತ್ತಿತ್ತು.

ಶುಕ್ರವಾರದ ಸಭೆಗೆ ಆಸ್ಪತ್ರೆಯಿಂದ ಇಬ್ಬರು ಡಾಕ್ಟರುಗಳು ಬಂದಿದ್ದರು. ಇಲಿಗಳಲ್ಲಿ ಫಲ ಕಂಡಿದ್ದರೆ ಅವರು ಮನುಷ್ಯರ ಮೇಲೆ ಪ್ರಯೋಗ ಶುರುಮಾಡುವವರು.

"ತಗೊಳೇ, ಅರ್ಧ ಸಕ್ಕರೆ, ಐಸ್ ಇಲ್ಲ," ಎಂದು ವೆನ್‌ಲಿಂಗ್ ಚಹಾದ ಲೋಟ ಕೈಗಿಟ್ಟಳು. "ಮೆಷಿನ್ ಕೆಡದೇ ಇರ್ಲಿ ಅಂತ ಮೇಲಿಟ್ಟಿರೋ ಹಸಿರು ತಿಂಡಿ ಪೊಟ್ಟಣ ಹಾಗೇ ಇದೆ ತಾನೆ? ಅದರ ಅವಧಿ ಮುಗಿದಿದ್ರೆ ಮೆಷಿನ್ ಮುನಿಸ್ಕೊಂಡ್ಬಿಡುತ್ತೆ, ನಿನ್ ಥರಾನೇ."

ಶೂಯಿ ನಕ್ಕಳು.

ಪರದೆಯ ಮೇಲೆ ಎರಡು ಇಲಿಗಳು ಮೂಡಿದವು. ಲೇಸರ್ ತಾಗದ್ದು ನೀಲಿ, ತಾಗಿದ್ದು ಕೆಂಪುಕೆಂಪು. ಕೆಳಗೆ, "ಚಿತ್ರ: ಶೂಯಿ".

ಶೂಯಿ ಚಹಾದ ಲೋಟ ಕೆಳಗಿಟ್ಟಳು. ಅವಳು ಒಪ್ಪಿಸಿದ್ದ ಚಿತ್ರಗಳಲ್ಲಿ ಎರಡೂ ಒಂದೇ ಮಂಕು ನೀಲಿ. ಆ ಯಂತ್ರವನ್ನು ಅದರ ಪಾಡಿಗೆ ಬಿಟ್ಟರೆ ಪ್ರತಿ ಚಿತ್ರಕ್ಕೂ ಬೇರೆ ಅಳತೆ ಹಾಕಿಕೊಂಡು, ಬೆಳಕು ಎಷ್ಟೇ ಮಂಕಾಗಿರಲಿ, ಇದ್ದಷ್ಟರಲ್ಲೇ ಹೆಚ್ಚಿನದಕ್ಕೆ ಕೆಂಪು ಬಳಿಯುತ್ತದೆ. ಲೇಸರ್ ತಾಗಿದ ಇಲಿಯ ಚಿತ್ರವನ್ನು ಮಾತ್ರ ಹಾಗೆ ಬಿಟ್ಟು, ಯಾವ ಬಣ್ಣ ಎಷ್ಟು ಬೆಳಕು ಎಂದು ತೋರಿಸುವ ಪಕ್ಕದ ಅಳತೆಪಟ್ಟಿಯನ್ನೇ ಯಾರೋ ಕತ್ತರಿಸಿ ಹಾಕಿದ್ದರು. ಎಲ್ಲಕ್ಕೂ ಒಂದೇ ಅಳತೆ ಗೊತ್ತುಮಾಡದೆ ಚಿತ್ರ ತೋರಿಸಬಾರದೆಂದು ಬೈದು ಕಲಿಸಿದವಳು ಈ ವೆನ್‌ಲಿಂಗೇ.

"ಅಕ್ಕಾ, ಪಟ್ಟಿ ಎಲ್ಲಿ?" ಶೂಯಿ ಪಿಸುಗುಟ್ಟಿದಳು.

"ಡಾಕ್ಟರುಗಳಿಗೆ ಅದೆಲ್ಲ ತಲೆನೋವು ಕಣೇ. ಜೂನ್‌ನಲ್ಲಿ ನನ್ ಪದವಿ ಆಗ್ಬೇಕು."

"ಆದ್ರೆ ನನ್ನ ಹೆಸರು..."

"ನೀನಾದ್ರೆ ಬಾಯ್ಬಿಡಲ್ಲ ಅಂತಾನೇ ಹಾಕಿದ್ದು." ವೆನ್‌ಲಿಂಗ್ ಅವಳ ಮಂಡಿ ತಟ್ಟಿದಳು, ಮುದ್ದಿನಿಂದಲೇ.

ಆ ಮುದ್ದೇ ಶೂಯಿಗೆ ಚುಚ್ಚಿತು. ಎರಡು ವರ್ಷ ಒಟ್ಟಿಗೆ ಉಂಡ ಅನ್ನದಲ್ಲಿ, ಜ್ವರ ಬಂದಾಗ ತಂದುಕೊಟ್ಟ ಗಂಜಿಯಲ್ಲಿ, ಅಕ್ಕ ಅಳೆದು ನೋಡುತ್ತಿದ್ದದ್ದು ತನ್ನ ಮೌನವನ್ನೇ ಏನು? ಅಲ್ಲವೆಂದು ಹೇಳಿಕೊಳ್ಳಲು ಹೊರಟಳು, ಆಗಲಿಲ್ಲ.

ಡಾಕ್ಟರೊಬ್ಬರು ಕನ್ನಡಕ ಏರಿಸಿ ಕೇಳಿದರು: "ಇಷ್ಟೊಂದು ವ್ಯತ್ಯಾಸಾನಾ? ಹಾಗಿದ್ರೆ ಮುಂದಿನ ತಿಂಗಳೇ ರೋಗಿಗಳನ್ನ ಆರಿಸ್ಬಹುದು."

"ಚಿತ್ರ ತೆಗ್ದೋಳು ಇಲ್ಲೇ ಇದ್ದಾಳಲ್ಲ," ಎಂದರು ಪ್ರಯೋಗಾಲಯದ ಮುಖ್ಯಸ್ಥರಾದ ತ್ಸಾಯ್ ಮೇಷ್ಟ್ರು. "ಹೇಳಮ್ಮಾ ಶೂಯಿ."

"ಅವಳಿಗೆ ನಾಚಿಕೆ ಮೇಷ್ಟ್ರೇ, ನಾನೇ ಹೇಳ್ತೀನಿ," ಎಂದು ವೆನ್‌ಲಿಂಗ್ ಎದ್ದಳು.

ಯಾರೋ ನಕ್ಕರು. ಶೂಯಿಯೂ ಎದ್ದಳು, ಇಬ್ಬರೂ ಅಕ್ಕಪಕ್ಕ ನಿಂತರು. ವೆನ್‌ಲಿಂಗ್ ಅವಳ ತೋಳು ಮೆಲ್ಲನೆ ಕೆಳಕ್ಕೆಳೆದಳು. ಶೂಯಿ ಕೂರಲಿಲ್ಲ.

"ಮೇಷ್ಟ್ರೇ," ಎಂದಳು, "ಆ ಎರಡು ಇಲಿಗಳೂ ಒಂದೇ ಥರ ಬೆಳಗಿದ್ವು. ಲೇಸರ್‌ನಿಂದ ಏನೂ ಹೆಚ್ಚಾಗ್ಲಿಲ್ಲ."