ಸೌನಾದಲ್ಲಿ ಬೆಂದ ಹಲಗೆ

ಆರ್ವೊ ಲೆಹ್ತಿನೆನ್ ಮನೆಯ ದೊಡ್ಡ ಟಿವಿ ಸಾಲಾಗಿಟ್ಟ ಬಿಯರ್ ಪೆಟ್ಟಿಗೆಗಳ ಮೇಲೆ ಕೂತಿತ್ತು. ಪೆಟ್ಟಿಗೆಗಳ ತುಂಬ ಖಾಲಿ ಬಾಟಲಿ. ಯಾರಾದರೂ ಹೆಜ್ಜೆ ಊರಿ ನಡೆದರೆ ಸಾಕು, ಬಾಟಲಿಗಳು ಕಿಣಿಕಿಣಿ ಎನ್ನುತ್ತಿದ್ದವು. ಟಿವಿಯೊಳಗೆ ಗಂಭೀರವಾಗಿ ವಾರ್ತೆ ಓದುವವನು ಹೌದು ಹೌದೆಂದು ತಲೆಯಾಡಿಸುತ್ತಿದ್ದ.

ಇದನ್ನೆಲ್ಲ ಬಹಳ ಕಾಲ ಸಹಿಸಿಕೊಂಡಿದ್ದ ಅತ್ತೆ ಲೆಂಪಿ ಒಂದು ಭಾನುವಾರ ಕಾಫಿ ಲೋಟ ಕೆಳಗಿಟ್ಟು ತೀರ್ಪು ಕೊಟ್ಟರು.

"ನೋಡೋ ಆರ್ವೊ, ನನಗೆ ಎಂಬತ್ತೊಂದು. ಕತ್ತು ತಗ್ಗಿಸಿಕೊಂಡು ಆಟ ನೋಡೋ ವಯಸ್ಸಲ್ಲ. ಬರೋ ಶನಿವಾರ ಟಿವೀಲಿ ಐಸ್ ಹಾಕಿ ಶುರು. ಅಷ್ಟರೊಳಗೆ ಒಂದು ನೆಟ್ಟಗಿರೋ ಸ್ಟ್ಯಾಂಡ್ ಮಾಡ್ತೀಯೋ ಸರಿ. ಇಲ್ಲ ಅಂದ್ರೆ ಈ ಸಲದ ಶನಿವಾರ ಎಲ್ಲಾ ಟೌನೊ ಮನೇಲಿ."

ಅತ್ತೆ ಇನ್ನು ಬರುವುದಿಲ್ಲ ಎಂದರೆ ಬೇರೆ ಅಳಿಯಂದಿರು ಕೇಕ್ ಕತ್ತರಿಸಿಯಾರು. ಆರ್ವೊನ ಮುಖ ಬಾಡಿತು. ಅವನು ವಾರವಿಡೀ ಥಂಡರ್ ಬೇ ಪಟ್ಟಣದ ಬೀದಿಗಳಲ್ಲಿ ಶಾಲೆಯ ಬಸ್ಸು ಓಡಿಸುತ್ತಾನೆ, ಶನಿವಾರ ಸಂಜೆ ಬಾಯಿ ಓಡಿಸುತ್ತಾನೆ. ಉಸಿರುಗಟ್ಟಿ ಕಿರುಚುವ ವಿವರಣೆಗಾರ, ರೆಫರಿಯ ಸೀಟಿ, ಮುಂದಿನ ಹಲ್ಲು ಕಳಕೊಂಡ ಆಟಗಾರನ ಸಂದರ್ಶನ, ಎಲ್ಲವೂ ಅವನ ಗಂಟಲಲ್ಲೇ ಮನೆಮಾಡಿದ್ದವು. ಹೆಂಡತಿ ಹಿಲ್ಕಾ ಇಷ್ಟು ವರ್ಷ ಕೇಳಿ ಕೇಳಿ ಕಿವಿಗೆ ಅಗಣಿ ಹಾಕಿಕೊಂಡಿದ್ದಳು. ಲೆಂಪಿ ಮಾತ್ರ ಪ್ರತಿ ಸಲವೂ ಮೊದಲ ಸಲದಂತೆ ನಗುತ್ತಿದ್ದರು, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಸಡಿಲವಾಗಿ ಅಂಗೈಗೆ ಬರುವ ತನಕ. ನಗುವವರಿಲ್ಲದ ಮಿಮಿಕ್ರಿಯೂ ಒಂದೇ, ಮಕ್ಕಳಿಲ್ಲದ ಶಾಲೆ ಬಸ್ಸೂ ಒಂದೇ.

ಇನ್ನು ಟೌನೊ. ಹಿಲ್ಕಾಳ ಅಣ್ಣ. ಅವನ ಮನೆಯ ಟಿವಿ ಓಕ್ ಮರದ ಬೀರುವಿನಲ್ಲಿತ್ತು. ಆ ಬೀರುವಿನ ಮೇಲೆ ಲೋಟ ಇಡಬೇಕಾದರೆ ಲೋಟದ ಕೆಳಗೊಂದು ಬಟ್ಟೆ, ಬಟ್ಟೆಯ ಕೆಳಗೊಂದು ತಟ್ಟೆ, ತಟ್ಟೆಯ ಕೆಳಗೆ ಟೌನೊನ ಕೈ. ಅಲ್ಲಿ ಜೋರಾಗಿ ನಕ್ಕರೂ ಅವನು ಬಂದು ಪಾಲಿಶ್ ಹೋಯಿತೇ ಎಂದು ನೋಡುತ್ತಿದ್ದ.

"ಹಿಲ್ಕಾ, ಮರಕ್ಕೆ ದುಡ್ಡು?"

"ಬಾಟಲಿ ವಾಪಸ್ ಕೊಡು. ಬಂದಷ್ಟರಲ್ಲಿ ಮಾಡು."

"ಬಾಟಲಿ ತೆಗೆದ್ರೆ ಟಿವಿ ಎಲ್ಲಿಡೋದೇ?"

"ಅದಕ್ಕೇ ತಾನೆ ಸ್ಟ್ಯಾಂಡ್ ಮಾಡು ಅಂತಿರೋದು!"

ಬಾಟಲಿಗಳು ಹೋದವು. ಟಿವಿ ನೆಲಕ್ಕಿಳಿಯಿತು. ಈಗ ಆಟ ನೋಡಬೇಕಾದರೆ ಲೆಂಪಿ ಹೊಟ್ಟೆಯ ಮೇಲೆ ಮಲಗಬೇಕು.

ಸೋಮವಾರ ಬಸ್ಸಿನ ಪಾಳಿ ಮುಗಿಸಿ ಆರ್ವೊ ಮರದಂಗಡಿಗೆ ಹೋದ. ಓಕ್ ಹಲಗೆಯ ಬೆಲೆಚೀಟಿ ನೋಡಿದ; ಓಕ್‌ಗೆ ಓಕೆ ಅನ್ನುವ ಜೇಬು ತನ್ನದಲ್ಲವೆಂದು ಮುಂದೆ ನಡೆದ. ಪುಡಿ ಒತ್ತಿ ಮಾಡಿದ ಹಲಗೆ ಎಲ್ಲಕ್ಕಿಂತ ಅಗ್ಗವಾಗಿತ್ತು. ಆದರೆ ಹಿಂದೊಮ್ಮೆ ಅದರಲ್ಲೇ ಮಾಡಿದ ಪುಸ್ತಕದ ಗೂಡು, ಕಾಫಿ ಚೆಲ್ಲಿದ್ದೇ ತಡ, ನೆನೆದ ರಸ್ಕಿನಂತೆ ಊದಿಕೊಂಡಿತ್ತು. ಆ ಕಥೆಯನ್ನು ಹಿಲ್ಕಾ ಇವತ್ತಿಗೂ ನೆಂಟರಿಗೆ ಹೇಳುತ್ತಾಳೆ. ಬರ್ಚ್ ಮರದ ಮೈಯ ಪ್ಲೈವುಡ್ ಚೆನ್ನಾಗಿತ್ತು, ಬಾಗದು, ಬಳುಕದು. ಆದರೆ ಅದು ಇಡೀ ಹಾಳೆಯಾಗಿಯೇ ಬರುತ್ತಿತ್ತು, ಬಾಟಲಿಯ ದುಡ್ಡು ಅರ್ಧ ಹಾಳೆಗೆ ಸುಸ್ತಾಗುತ್ತಿತ್ತು.

"ಗಂಟು ಗಂಟಿನ ಪೈನ್ ತಗೊಳ್ಳಿ," ಎಂದಳು ಅಂಗಡಿಯವಳು. "ಒಣಗಿಸಿರೋದು. ನಿಮ್ಮ ಬಜೆಟ್‌ಗೆ ಕೂರುತ್ತೆ."

ಕೂರುತ್ತಿತ್ತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಆರ್ವೊನ ತಲೆಗೆ ಒಂದು ಹುಳು ಹೊಕ್ಕಿತು: ಹಾಗಾದರೆ ನಾನು ಕೊಡುವ ದುಡ್ಡಿನಲ್ಲಿ ಅರ್ಧ ಮರಕ್ಕೆ, ಅರ್ಧ ಬರೀ ಒಣಗಿಸಿದ್ದಕ್ಕೆ?

ಮರುದಿನ ಅವನು ಹೆದ್ದಾರಿ ಪಕ್ಕದ ಮರ ಕೊಯ್ಯುವ ಮಿಲ್ಲಿಗೆ ಗಾಡಿ ತಿರುಗಿಸಿದ. ಒಡತಿ ಡಾರ್ಲೀನ್ ಮೈತುಂಬ ಹೊಟ್ಟು ಹೊದ್ದು ನಿಂತಿದ್ದಳು. ಆಗಷ್ಟೇ ಕೊಯ್ದ ಪೈನ್ ಹಲಗೆ ಅಂಗಡಿಯ ಬೆಲೆಯ ಅರ್ಧಕ್ಕೆ ಸಿಗುತ್ತಿತ್ತು. ಮುಟ್ಟಿದರೆ ಒದ್ದೆ, ಮೂಸಿದರೆ ಕಾಡು.

"ಇದು ಹಸಿ ಕಣಯ್ಯಾ. ಒಂದು ಬೇಸಿಗೆ ಪೂರ್ತಿ ಒಣಗಬೇಕು. ಬೇಗ ಬೇಕು ಅಂದ್ರೆ ಆ ಶೆಡ್ಡಿನಲ್ಲಿ ಹೋದ ವರ್ಷದ ಆಸ್ಪನ್ ಇದೆ. ಒಣಗಿದೆ. ಇದಕ್ಕಿಂತಾನೂ ಅಗ್ಗ."

"ಆಸ್ಪನ್ನಾ?" ಆರ್ವೊ ಮೂಗು ಮುರಿದ. "ಅದು ಹೊಳೇಲಿರೋ ಬೀವರ್ ಕಡಿದು ತಿನ್ನೋ ಮರ ಅಲ್ವಾ? ನಮ್ಮತ್ತೆ ಕೂರೋ ಮನೇಲಿ ಬೀವರ್ ಊಟ ಇಡ್ಲಾ?"

"ಹಾಗಾದ್ರೆ ಬೇಸಿಗೆಗೆ ಕಾಯಿ."

"ಬೇಸಿಗೆ ನನ್ನ ಹತ್ರಾನೇ ಇದೆ," ಎಂದ ಆರ್ವೊ, "ಹಿತ್ತಲಲ್ಲಿ."

ಅವನ ಹಿತ್ತಲಲ್ಲಿ ಇದ್ದದ್ದು ಬಿಸಿಹಬೆಯ ಸ್ನಾನದ ಸೌನಾ. ಈಗ ತೀರಿಕೊಂಡಿರುವ ಮಾವ ಉರ್ಹೊ ಮಗಳ ಮದುವೆಗೆಂದು ಕೈಯಾರೆ ಕಟ್ಟಿಕೊಟ್ಟ, ಸೌದೆ ಒಲೆಯ, ಮೇಲೊಂದು ಕೆಳಗೊಂದು ಬೆಂಚಿನ ಪುಟ್ಟ ಮರದ ಕೋಣೆ. ಮನುಷ್ಯನನ್ನೇ ಕಾಲು ಗಂಟೆಯಲ್ಲಿ ಹಿಂಡಿ ಒಣಗಿಸುವ ಜಾಗ, ಹಲಗೆ ಯಾವ ಲೆಕ್ಕ? ಬುಧವಾರ ಹಲಗೆಗಳನ್ನು ಮೇಲಿನ ಬೆಂಚಿನ ಮೇಲೆ ಪೇರಿಸಿ ಒಲೆ ಹೊತ್ತಿಸಿದ. ಗುರುವಾರವೂ ಹೊತ್ತಿಸಿದ. ಕಿಟಕಿಯಿಂದ ಹೊಗೆ ನೋಡಿದ ಹಿಲ್ಕಾ ಕೇಳಿದಳು, "ವಾರದ ಮಧ್ಯೆ ಯಾರಿಗೆ ಸೌನಾ?"

"ಅತಿಥಿಗಳು ಬಂದಿದ್ದಾರೆ. ಬಹಳ ಒದ್ದೆಯಾಗಿದ್ದಾರೆ."

ಗುರುವಾರ ರಾತ್ರಿಯೂಟದ ಹೊತ್ತಿಗೆ ಹಿತ್ತಲಿನಿಂದ 'ಠಪ್' ಎಂದಿತು. ಆಮೇಲೆ 'ಠಪ್ ಠಪ್'. ಹಿಲ್ಕಾ ಚಮಚ ಕೆಳಗಿಟ್ಟು, "ಅತಿಥಿಗಳು ಜಗಳ ಆಡ್ತಿದ್ದಾರಾ?" ಎಂದಳು. ಆರ್ವೊ ಆಲೂಗಡ್ಡೆ ನುಂಗಿದ.

ಶುಕ್ರವಾರ ಬಾಗಿಲು ತೆಗೆದರೆ ಮರ ಹದವಾಗಿರಲಿಲ್ಲ, ಹದಗೆಟ್ಟಿತ್ತು. ಒಂದು ಹಲಗೆ ದೋಣಿಯಾಗಿತ್ತು. ಒಂದು ವಿಮಾನದ ರೆಕ್ಕೆಯಂತೆ ತಿರುಚಿಕೊಂಡಿತ್ತು. ಇನ್ನೊಂದು ಅಚ್ಚುಕಟ್ಟಾಗಿ ತುದಿ ಬಾಗಿಸಿಕೊಂಡು, ಆಟಕ್ಕೆ ಕರೆದರೆ ನಾನೂ ರೆಡಿ ಎಂದು ನಿಂತ ಹಾಕಿ ಕೋಲಿನಂತಿತ್ತು. ಗಂಟುಗಳಿಂದ ಜೇನಿನಂಥ ಅಂಟು ಇಳಿದು ಬೆಂಚಿನ ಮೇಲೆಲ್ಲ ಹರಿದಿತ್ತು. ಹಿಲ್ಕಾ ಬರುವ ಮೊದಲೇ ಅವನು ಹಲಗೆಗಳನ್ನು ಸೌದೆ ರಾಶಿಯ ಹಿಂದೆ ಬಚ್ಚಿಟ್ಟ, ಬೆಂಚನ್ನು ಕೈಲಾದಷ್ಟು ಕೆರೆದ. ಬಾಟಲಿಯ ದುಡ್ಡು ಅರ್ಧ ಹಲಗೆಗೆ, ಅರ್ಧ ಸೌದೆಗೆ ಮುಗಿದಿತ್ತು. ನಾಳೆ ಶನಿವಾರ.

ಶನಿವಾರವೆಂದರೆ ಮೊದಲು ಸೌನಾ, ಆಮೇಲೆ ಹಾಕಿ. ಮಧ್ಯಾಹ್ನ ಲೆಂಪಿ ಏಲಕ್ಕಿ ಬ್ರೆಡ್ಡು ಹಿಡಿದು ಬಂದರು. ಆರ್ವೊ ಹಜಾರದ ಬಾಗಿಲಿಗೆ ಅಡ್ಡ ನಿಂತು, "ಮೊದಲು ಸೌನಾ ಅತ್ತೆ, ಬಿಸಿ ಆರಿಹೋಗುತ್ತೆ," ಎಂದು ತಾಯಿ ಮಗಳನ್ನು ಹಿತ್ತಲಿಗೆ ಸಾಗಹಾಕಿದ.

ಹೆಚ್ಚು ಹೊತ್ತಾಗಲಿಲ್ಲ. ಹಿತ್ತಲಿನಿಂದ ಕೂಗು.

"ಆರ್ವೊ! ಏ ಆರ್ವೊ!"

ಓಡಿದ. ಹಿಲ್ಕಾಳ ಗೌನು ಸುತ್ತಿಕೊಂಡು ಲೆಂಪಿ ಹೊಸ್ತಿಲಲ್ಲಿ ನಿಂತಿದ್ದರು. ಬೇಯಿಸಿದ ಬೀಟ್‌ರೂಟಿನಂತಿದ್ದರು.

"ನನ್ನ ಟವೆಲ್ ಬೆಂಚು ಬಿಟ್ಟು ಬರ್ತಿಲ್ಲ. ನಾನೂ ಬರ್ತಿರ್ಲಿಲ್ಲ, ಹಿಲ್ಕಾ ಎಳೆದಳು ಅಂತ ಎದ್ದೆ. ಯಾವುದೋ ಇದು ಅಂಟು?"

"ಅದು... ಬೆಂಚಿನ ಮರದ್ದೇ ಇರಬೇಕು ಅತ್ತೆ. ಹಳೇದಾಯ್ತಲ್ಲ."

ಲೆಂಪಿ ಕಣ್ಣು ಕಿರಿದು ಮಾಡಿದರು. "ಯಾರ ಹತ್ರ ಹೇಳ್ತೀಯೋ? ಅದು ಆಸ್ಪನ್ ಮರ. ಅದರಲ್ಲಿ ಅಂಟು ಹುಟ್ಟೋದೇ ಇಲ್ಲ. ಕಾದು ಸುಡಲ್ಲ, ಸಿಬಿರು ಏಳಲ್ಲ, ಬಾಗಲ್ಲ ಅಂತಾನೇ ನಿಮ್ಮ ಮಾವ ಹುಡುಕಿ ತಂದಿದ್ದು. ಇಷ್ಟು ವರ್ಷ ಪ್ರತಿ ಶನಿವಾರ ಅದರ ಮೇಲೆ ಕೂತಿದೀಯ. ನಿನ್ನ ತಲೆಗೆ ಗೊತ್ತಾಗ್ದಿದ್ರೆ ಹೋಗ್ಲಿ, ಕೂತ ಭಾಗಕ್ಕಾದ್ರೂ ಗೊತ್ತಾಗ್ಬಾರ್ದಾ?"

ಒಳಗಿನಿಂದ ಹಿಲ್ಕಾಳ ನಗು ಕೇಳಿಸಿತು.

ಆರ್ವೊ ಹಣೆ ಬಡಿದುಕೊಂಡ. ಬೀವರ್ ಊಟ! ಶೆಡ್ಡಿನ ತುಂಬ ಒಣಗಿ ನಿಂತಿದ್ದ ಅಗ್ಗದ ಆಸ್ಪನ್ ಕಣ್ಣಮುಂದೆ ಬಂತು. ಶನಿವಾರ ಮಧ್ಯಾಹ್ನ ಮಿಲ್ಲು ಮುಚ್ಚಿರುತ್ತದೆ ಎನ್ನುವುದೂ ನೆನಪಾಯಿತು. ಇನ್ನು ಮುಚ್ಚಿಟ್ಟು ಫಲವಿಲ್ಲ. ಎಲ್ಲ ಹೇಳಿದ. ಹೇಳಹೊರಟವನಿಗೆ ಅಭ್ಯಾಸಬಲ, ಡಾರ್ಲೀನ್ ಬಂದರೆ ಡಾರ್ಲೀನ್ ದನಿ, ಹಲಗೆ ಬಂದರೆ ಹಲಗೆಯ 'ಠಪ್'. ಕೊನೆಗೆ ದೋಣಿಯಾದ ಹಲಗೆಯನ್ನೇ ಸೌದೆ ರಾಶಿಯ ಹಿಂದಿನಿಂದ ಎಳೆದು ತಂದು, ಅದರ ದನಿಯಲ್ಲಿ, "ನಾನು ಸ್ಟ್ಯಾಂಡ್ ಆಗಕ್ಕೆ ಬಂದೆ, ಇವನು ನಂಗೆ ಸ್ನಾನ ಮಾಡಿಸಿಬಿಟ್ಟ!" ಎಂದು ಅತ್ತ.

ಲೆಂಪಿ ಗೌನಿನ ತುದಿಯಿಂದ ಬಾಯಿ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಆದರೆ ಹಲ್ಲು ಬಾಯಲ್ಲೇ ಇತ್ತು.

"ನಗಿಸಿದೆ ಅಂತ ಮಾತು ತಪ್ಪಲ್ಲ ನಾನು," ಎಂದರು. "ನನ್ನ ಕರ್ಕೊಂಡು ಹೋಗೋಕೆ ಟೌನೊ ಆಗಲೇ ಗಾಡಿ ಹತ್ತಿರ್ತಾನೆ. ಅವನು ಬಂದಾಗ ಟಿವಿ ನೆಲದ ಮೇಲಿದ್ರೆ ಹೊರಟೆ."

ಆರ್ವೊ ದೋಣಿ ಹಲಗೆ ಕೆಳಗಿಟ್ಟ. ತೆರೆದ ಬಾಗಿಲೊಳಗೆ ನೋಡಿದ. ಮೇಲಿನ ಬೆಂಚಿಗೆ ಟವೆಲ್ ಅಂಟಿತ್ತು. ಕೆಳಗಿನ ಬೆಂಚು, ಅಷ್ಟು ವರ್ಷಗಳ ನೀರು, ಹಬೆ, ಬೆಂಕಿ ಕಂಡರೂ, ಗೆರೆ ಎಳೆದಂತೆ ನೆಟ್ಟಗಿತ್ತು. ಸೋಫಾದಷ್ಟೇ ಎತ್ತರ. ಹೊರಗೆ ತೆಗೆದು ತೊಳೆಯಲೆಂದು ಮಾವ ಅದನ್ನು ಗೋಡೆಗೆ ಮೊಳೆ ಹೊಡೆದು ಕೂಡಿಸಿರಲಿಲ್ಲ.

"ಹಿಲ್ಕಾ! ಬಟ್ಟೆ ಹಾಕ್ಕೊಂಡು ಆ ಕಡೆ ಹಿಡಿ!"

ಬೆಂಚಿನ ನೀರು ಒರೆಸಿ ಇಬ್ಬರೂ ಅದನ್ನು ಹೊತ್ತು ತಂದು ಹಜಾರದ ಗೋಡೆಗೆ ಸೇರಿಸಿದರು. ಮೇಲೆ ಟಿವಿ ಕೂತಿತು, ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಕೂತವು, ಇನ್ನೂ ಜಾಗ ಉಳಿಯಿತು. ಹೆಜ್ಜೆ ಊರಿ ನಡೆದರೂ ವಾರ್ತೆಯವನು ತಲೆಯಾಡಿಸಲಿಲ್ಲ.

ಟೌನೊ ಬಂದವನು ಬಾಗಿಲಲ್ಲೇ ನಿಂತ. "ಏನಿದು? ಬರೀ ಮೈಯಲ್ಲಿ ಕೂರೋ ಬೆಂಚಿನ ಮೇಲೆ ಟಿವಿನಾ?"

"ಯಾಕೋ? ಟವೆಲ್ ಹಾಸದೆ ಕೂರ್ತಿದ್ಯಾ ಇಷ್ಟು ದಿನ?" ಎಂದರು ಲೆಂಪಿ.

"ಇಲ್ಲಮ್ಮ, ಆದ್ರೆ ಇದು ಫರ್ನಿಚರ್ ಅಲ್ಲ."

"ಬಾ ಭಾವ, ಕೂತ್ಕೊ," ಎಂದ ಆರ್ವೊ. "ಸೋಮವಾರ ಆಸ್ಪನ್ ತರ್ತೀನಿ, ಸೌನಾಕ್ಕೆ ಹೊಸ ಬೆಂಚು ಮಾಡ್ತೀನಿ. ಅಲ್ಲೀವರೆಗೆ ಮೇಲಿನ ಬೆಂಚು ಹತ್ತೋಕೆ ನೀನೇ ಮೆಟ್ಟಿಲು."

ಲೆಂಪಿ ಉತ್ತರಕ್ಕೆ ಕಾಯಲಿಲ್ಲ. ಕತ್ತು ನೇರ ಮಾಡಿ ಸೋಫಾದಲ್ಲಿ ಕೂತು ಅಳತೆ ನೋಡಿದರು. ಎದ್ದು, ತಳ ಒದ್ದೆಯಿದ್ದ ಕಾಫಿ ಲೋಟವನ್ನು ಟಿವಿಯ ಪಕ್ಕ, ಬಟ್ಟೆಯಿಲ್ಲದೆ, ತಟ್ಟೆಯಿಲ್ಲದೆ, ಬರಿ ಮರದ ಮೇಲೆ ಇಟ್ಟರು. ಟೌನೊನ ಕೈ ತಾನಾಗಿ ಕರವಸ್ತ್ರಕ್ಕೆ ಹೋಯಿತು.

"ಮುಟ್ಟಬೇಡ. ಅದಕ್ಕೇನೂ ಆಗಲ್ಲ," ಎಂದರು.

ಆಟ ಶುರುವಾಯಿತು. ಮೊದಲ ಗೋಲಿಗೇ ಆರ್ವೊ ಸದ್ದು ಆರಿಸಿ ವಿವರಣೆಗಾರನಾದ. ಆಮೇಲೆ ಸೀಟಿಯಾದ. ಆಮೇಲೆ, ಟೌನೊ ಪಕ್ಕದಲ್ಲೇ ಇದ್ದಾನೆಂದು ಗೊತ್ತಿದ್ದೂ, ಐಸ್ ರಿಂಕಿನ ಮಧ್ಯೆ ನಿಂತು ಆಟಗಾರರ ಸ್ಕೇಟಿನ ಕೆಳಗೆಲ್ಲ ಬಟ್ಟೆ ಹಾಸಲು ಓಡಾಡುವ ಟೌನೊ ಆದ. ಹಿಲ್ಕಾಳ ಕಿವಿಯ ಅಗಣಿಯೂ ಕಳಚಿತು. ಟೌನೊ ಮುಖ ಬಿಗಿಹಿಡಿದು ನೋಡಿದ, ಮೂಗಿನಲ್ಲಿ ಒಂದು ಸದ್ದು ಬಂತು, ಅದು ನಗುವೇ ಆಗಿತ್ತು.

ಲೆಂಪಿ ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. ಹಲ್ಲಿನ ಸೆಟ್ಟು ಅಂಗೈಗೆ ಬಂತು. ಅದನ್ನು ನಿಧಾನವಾಗಿ ಕಾಫಿ ಲೋಟದ ಪಕ್ಕ, ಉರ್ಹೊನ ಆಸ್ಪನ್ ಹಲಗೆಯ ಮೇಲೆ ಇಟ್ಟು, ಬೊಚ್ಚುಬಾಯಲ್ಲಿ ಅಪ್ಪಣೆ ಕೊಟ್ಟರು:

"ಇನ್ನೊಂದ್ ಫಲ ಮಾಲೋ ಆವ್ವೊ. ಮುಂದಿನ್ ಫನಿವಾಲಕ್ಕೂ ಫೊಲ್ಪ ಇಟ್ಕೋ."